ರೆಕಾರ್ಡ್ ಕೆಲಸ

ಸ್ವರ್ಣಲತಾಳ ಮದುವೆಯ ಮಾತುಕತೆಯಲ್ಲಿ ಯಾರೂ ಸುಳ್ಳು ಹೇಳಿರಲಿಲ್ಲ. ಹೆಣ್ಣು ಬೊಂಬಾಯಿಯಲ್ಲಿ ಎಂತ ಮಾಡ್ಕಂಡಿತ್ತ್ ಎಂದು ಉಪ್ಪುಂದದ ಪದ್ದು ಕೇಳಿದಾಗ, ಸಂಬಂಧ ತಂದಿದ್ದ ನಾಗ 'ರೆಕಾರ್ಡ್ ಕೆಲ್ಸ' ಎಂದ. ಅವನಿಗೆ ಗೊತ್ತಿದ್ದದ್ದೂ ಅಷ್ಟೇ. ಪದ್ದುವಿನ ಪಾಲಿಗೆ ರೆಕಾರ್ಡ್ ಎಂದರೆ ತಾಲೂಕು ಕಚೇರಿಯ ರೆಕಾರ್ಡ್ ರೂಮು. ಮನೆಯ ಹಿಂದೆ ಬೀಳುಬಿದ್ದಿದ್ದ ಹಡಿ ಜಾಗಕ್ಕಾಗಿ ದಾಯಾದಿಗಳ ಜೊತೆ ಇಪ್ಪತ್ತು ವರ್ಷದಿಂದ ಕೋರ್ಟಿಗೆ ಅಲೆಯುತ್ತಿದ್ದ ಹೆಂಗಸು ಅವಳು. ಮಗ ಚಂದಯ್ಯನಿಗೆ ಇದೇ ಹೆಣ್ಣು ಆಗಬೇಕೆಂದು ಅಲ್ಲೇ ಹೇಳಿಬಿಟ್ಟಳು.

ಮದುವೆಯಾಗಿ ಎಂಟನೇ ದಿನ ಪದ್ದು ಟ್ರಂಕು ತೆರೆದು ಪಹಣಿ, ನಕಾಶೆ, ಹಳೆಯ ಚೀಟಿಗಳನ್ನೆಲ್ಲ ಸೊಸೆಯ ಮುಂದೆ ಹರವಿದಳು. ತನ್ನದು ಆ ರೆಕಾರ್ಡ್ ಅಲ್ಲ ಎಂದು ಹೇಳುವುದಕ್ಕೆ ಅದಕ್ಕಿಂತ ಒಳ್ಳೆಯ ಹೊತ್ತು ಇರಲಿಲ್ಲ. ಆದರೆ ಜಗಲಿಯ ತುಂಬ ನೆಂಟರಿದ್ದರು. ನೋಡುತ್ತೇನೆ ಎನ್ನುವಂತೆ ಸ್ವರ್ಣಲತಾ 'ಕಾಂತೆ ಅತ್ತೆ' ಎಂದು ಕಾಗದ ಎತ್ತಿಕೊಂಡಳು. ಆಮೇಲೆ ಬೈಂದೂರಿನ ಗ್ರಾಮಲೆಕ್ಕಿಗರೊಬ್ಬರ ಹೆಂಡತಿಯ ಸ್ನೇಹ ಮಾಡಿಕೊಂಡು, ಅವರ ಮನೆಯಲ್ಲಿ ಚಾ ಕುಡಿಯುತ್ತ ಕುಡಿಯುತ್ತ ಸರ್ವೆ ನಂಬರು ಯಾವುದು, ಅದರ ಭಾಗವಾದ ಹಿಸ್ಸೆ ಯಾವುದು, ಖಾತೆ ಬದಲಾದದ್ದನ್ನು ಎಲ್ಲಿ ನೋಡಬೇಕು ಎಂಬುದನ್ನೆಲ್ಲ ಕಲಿತಳು. ಎರಡು ವರ್ಷದಲ್ಲಿ ಕೇರಿಯವರೂ ಕಾಗದ ಹಿಡಿದು ಬರತೊಡಗಿದರು. 'ರೆಕಾರ್ಡ್ ಲತಕ್ಕ' ಎಂಬ ಹೆಸರು ನಿಂತಿತು.

ನಿಜಕ್ಕೆ ಅವಳು ಕೆಲಸ ಮಾಡಿದ್ದು ಅಂಧೇರಿಯ ಒಂದು ನೆಲಮಾಳಿಗೆಯ ಕ್ಲಬ್ಬಿನಲ್ಲಿ. ತೊಂಬತ್ತೇಳರಲ್ಲಿ ಅಲ್ಲಿಗೆ ಸೇರಿದ್ದು, ರೆಕಾರ್ಡ್ ಎಂದು ಕರೆಯುವ ಹಾಡಿನ ತಟ್ಟೆಗಳನ್ನು ಒರೆಸಿ ಕವರಿಗೆ ಹಾಕಿ ಜೋಡಿಸಿಡುವುದಕ್ಕೆ. ತಟ್ಟೆ ಹಾಕುತ್ತಿದ್ದವನು ಕೊಕ್ಕರ್ಣೆಯ ರಾಜೇಂದ್ರ. ಹೋಟೆಲಿನಲ್ಲಿ ಲೋಟ ತೊಳೆಯಲು ಬೊಂಬಾಯಿಗೆ ಹೋಗಿ ಡೀಜೆ ಆದವನು. ಒಂದು ತಟ್ಟೆ ಸಭಾಂಗಣಕ್ಕೆ ಕೇಳಿಸುತ್ತಿರುವಾಗಲೇ ಇನ್ನೊಂದನ್ನು ಒಂದು ಕಿವಿಯಲ್ಲಿ ಕೇಳುತ್ತ, ಎರಡರ ತಾಳದ ಪೆಟ್ಟೂ ಒಂದೇ ಆಗುವವರೆಗೆ ಬೆರಳ ತುದಿಯಿಂದ ತಡೆದು, ನೂಕಿ, ಕೂಡಿಸುವುದನ್ನು ಅವಳಿಗೆ ಕಲಿಸಿದವನು ಅವನೇ. ಜನ ಬರುವ ಮುಂಚಿನ ಮೊದಲ ಗಂಟೆಯನ್ನು ಅವಳಿಗೆ ಬಿಟ್ಟುಕೊಡುತ್ತಿದ್ದ. ನಾಲ್ಕು ವರ್ಷ ಹಾಗೆ ನಡೆಯಿತು. ಮದುವೆ ಗೊತ್ತಾದಾಗ ಹೆಡ್‌ಫೋನು ಹಿಂದೆ ಕೊಟ್ಟು ಬಂದಳು. ಬಿಡಬೇಕಾಯಿತು ಎಂದೇ ತನಗೆ ತಾನು ಹೇಳಿಕೊಂಡಿದ್ದಳು. ಯಾರು ಬಿಡಿಸಿದರು ಎಂದು ಕೇಳಿಕೊಂಡಿರಲಿಲ್ಲ.

ಎರಡು ಸಾವಿರದ ಹನ್ನೆರಡರ ಡಿಸೆಂಬರಿನಲ್ಲಿ ಚಂದಯ್ಯನ ಅಕ್ಕನ ಮಗ ರತೀಶ್ ಬಂದ. ಮಣಿಪಾಲದಲ್ಲಿ ಕಾರ್ಯಕ್ರಮಗಳಿಗೆ ಲೈಟು, ಸೌಂಡು ಬಾಡಿಗೆಗೆ ಕೊಡುವವನು. ಅವನಿಗೆ ಬೇಕಾಗಿದ್ದದ್ದು ಮಾವನ ಮುಚ್ಚಿದ ಐಸ್ ಪ್ಲಾಂಟು.

"ಆ ಹಾಳ್ ಕೊಂಪಿಯಗೆ ಎಂತ ಮಾಡ್ತೆ ಮಾರಾಯಾ?" ಎಂದ ಚಂದಯ್ಯ.

"ಟೆಕ್ನೋ ಪ್ರೋಗ್ರಾಂ ಮಾವ. ಗೋಡಿ ಒಳ್ಗೆ ಒಂದಡಿ ಥರ್ಮಾಕೋಲ್ ಇತ್ತಲ್ದಾ, ಎಷ್ಟ್ ಬಡದ್ರೂ ಹೊರ್ಗೆ ಕೇಂತಿಲ್ಲೆ."

"ಹೊರ್ಗೆ ಕೇಣದಿದ್ದದ್ದ್ ಎಂತ ಪ್ರೋಗ್ರಾಂ?"

"ಅದೇ ಮಜಾ ಮಾವ. ಪೋಸ್ಟರಿಲ್ಲೆ, ಮೈಕಿಲ್ಲೆ. ಜಾಗ ಎಲ್ಲಂತ್ಲೂ ಆವತ್ತೇ ಹೇಳೂದ್, ಫೋನಿಗೆ. ಪದ ಹೇಳುವರೂ ಇಲ್ಲೆ, ಬರೀ ಪೆಟ್ಟ್. ಹಳೇ ದೊಡ್ಡ ಡೀಜೆಗಳ್ ಬತ್ರ್. ಒಬ್ರ್ ಪುಣೆಯವ್ರ್, ಇನ್ನೊಬ್ರ್ ನಮ್ ಕೊಕ್ಕರ್ಣೆಯವ್ರೇ, ಬೊಂಬಾಯಗ್ ಇಪ್ಪುದ್."

ಸ್ವರ್ಣಲತಾ ಒಳಗೆ ಬಂಗುಡೆ ಕೊಯ್ಯುತ್ತಿದ್ದಳು. ಕೈ ತೊಳೆದು ಹೊರಗೆ ಬಂದು ಆ ಕೊಕ್ಕರ್ಣೆಯವರ ಫೋನ್ ನಂಬರ್ ಕೇಳಿದಳು.

"ಅರೆ, ಲತಾ! ಬದುಕಿದ್ಯಾ?" ಎಂದ ರಾಜೇಂದ್ರ. ಹನ್ನೊಂದು ವರ್ಷದ ಮೇಲೆ ಮಾತಾಡಿದ್ದಾದರೂ ಕುಶಲ ಎರಡೇ ನಿಮಿಷದಲ್ಲಿ ಮುಗಿಯಿತು. "ಮೊದಲ್ನೇ ಗಂಟಿ ನಿಂದೇ, ಎಂಟ್ರಿಂದ ಒಂಬತ್ತ್. ಆರೆ ಫೋನಿಗ್ ಕಳ್ಸೂ ಪಟ್ಟಿಯಗೆ ನಿನ್ನ್ ಹೆಸ್ರ್ ಹಾಕ್ತೆ, ಕಂಡ್ಕೊ. ನಿನ್ನ ಕದ್ದ್ ನಿಲ್ಸೂದಿಲ್ಲೆ."

ಒಂದು ದಿನ ಸಮಯ ಕೇಳಿದಳು. ಆ ಗಂಟೆ ಅವಳಿಗೆ ಬೇಕಾಗಿತ್ತು. ಬೆರಳು ಇನ್ನೂ ನೆನಪಿಟ್ಟಿದೆಯೋ ಇಲ್ಲವೋ ಎಂಬುದಕ್ಕಿಂತ, ತಾನು ಏನಾಗಿದ್ದೆ ಎಂಬುದು ಈ ಮನೆಯಲ್ಲಿ ಒಬ್ಬರಿಗಾದರೂ ತಿಳಿಯಬೇಕಾಗಿತ್ತು. ತಿಳಿದ ಮೇಲೆ ರೆಕಾರ್ಡ್ ಲತಕ್ಕ ಉಳಿಯುವುದಿಲ್ಲ ಎಂಬುದೂ ಅವಳಿಗೆ ಗೊತ್ತಿತ್ತು.

ಮಧ್ಯಾಹ್ನ ಗಂಡ ಉಣ್ಣುತ್ತಿರುವಾಗ ಹೇಳಿದಳು. ಚಂದಯ್ಯ ಮುಳ್ಳು ಬಿಡಿಸುತ್ತಿದ್ದವನು ಕೈ ನಿಲ್ಲಿಸಿದ.

"ಅಂದ್ರೆ ಮೈಕ್‌ಸೆಟ್ಟಿನವ್ರ ಕೆಲ್ಸವಾ?"

"ಹಾಂಗೇ ಅಂದ್ಕಣಿ."

"ಇಷ್ಟ್ ವರ್ಷ ಹೇಳ್ಲಿಲ್ಯಲ್ಲ?"

"ನೀವ್ ಕೇಣ್ಲಿಲ್ಲೆ."

"ಕೇಂಬುಕೆ ಎಂತ ಇತ್ತ್? ರೆಕಾರ್ಡ್ ಅಂದ್ರೆ ರೆಕಾರ್ಡೇ ಅಲ್ದಾ?" ಅವನಿಗೆ ನಗೆ ಬಂದಿತು, ನೆತ್ತಿಗೆ ಹತ್ತಿ ಕೆಮ್ಮಿದ. ನೀರು ಕುಡಿದು, "ಮೊದ್ಲೇ ಹೇಳಿದ್ರೆ ಬ್ಯಾಡ ಅಂತಿದ್ನಾ ನಾನ್? ಬೇಕಿದ್ರೆ ಬೊಂಬಾಯಿಗೇ ಹೋಯಿ ಬಾ ಅಂತಿದ್ದೆ" ಎಂದ.

ಆ ಮಾತಿಗೆ ಅವಳು ಸಿದ್ಧಳಾಗಿರಲಿಲ್ಲ. ಅವನು ಸಿಟ್ಟು ಮಾಡಿದರೆ ಏನು ಹೇಳಬೇಕೆಂದು ಬೆಳಗಿನಿಂದ ಜೋಡಿಸಿಟ್ಟುಕೊಂಡಿದ್ದಳು. ಅದು ಯಾವುದೂ ಉಪಯೋಗಕ್ಕೆ ಬರಲಿಲ್ಲ. ಆಗಲೂ ಅವನು ನಿಜವಾಗಿ ಹಾಗೆಯೇ ಹೇಳುತ್ತಿದ್ದನೋ, ಈಗ ಹೇಳುವುದು ಸುಲಭವೆಂದು ಹೇಳುತ್ತಿದ್ದಾನೋ, ಗೊತ್ತುಮಾಡಿಕೊಳ್ಳುವ ದಾರಿಯೂ ಇರಲಿಲ್ಲ.

"ಹೋಯಿ ಬಾ. ಆರೆ ಅಬ್ಬಿಗ್ ಹೇಳ್ಬೇಡ" ಎಂದ ಚಂದಯ್ಯ, ತಾಯಿಯ ಕೋಣೆಯ ಕಡೆ ಕಣ್ಣು ಮಾಡಿ, ಎದ್ದು ಕೈ ತೊಳೆಯುತ್ತ. "ಹಡಿ ಕೇಸ್ ಮುಂದಿನ್ ತಿಂಗ್ಳ್ ಇತ್ತ್. ಆ ಕಾಗ್ದ ಎಲ್ಲ ನೀ ಕಂಡದ್ದ್ ಅಂತ್ಲೇ ಅಬ್ಬಿ ಧೈರ್ಯ."

ಶನಿವಾರ ಸಂಜೆ ಐಸ್ ಪ್ಲಾಂಟಿನೊಳಗೆ ಇನ್ನೂ ಅಮೋನಿಯದ ವಾಸನೆ ಉಳಿದಿತ್ತು. ಐಸ್ ಗಡ್ಡೆ ಹೊರಳಿಸುತ್ತಿದ್ದ ಕಟ್ಟೆಯ ಮೇಲೆ ತಟ್ಟೆ ತಿರುಗಿಸುವ ಎರಡು ಯಂತ್ರಗಳನ್ನು ಇಟ್ಟಿದ್ದರು. ರಾಜೇಂದ್ರನ ತಲೆ ಬೋಳಾಗಿತ್ತು, ಓದುವ ಕನ್ನಡಕ ಕೊರಳಲ್ಲಿ ನೇತಾಡುತ್ತಿತ್ತು. ಪುಣೆಯವನು ಬೆನ್ನು ನೋವೆಂದು ಕುರ್ಚಿಯಲ್ಲಿ ದಿಂಬಿಟ್ಟು ಕೂತಿದ್ದ. ಎಂಟು ಗಂಟೆಗೆ ಇದ್ದದ್ದು ಹದಿನೈದು ಜನ. ಅವರೂ ಗೋಡೆಗೆ ಒರಗಿ ಫೋನು ನೋಡುತ್ತಿದ್ದರು. ಸ್ವರ್ಣಲತಾ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಹೆಡ್‌ಫೋನನ್ನು ಎಡಗಿವಿಗೆ ಹಾಕಿಕೊಂಡಳು.

ಮೊದಲ ಸಲ ಕೂಡಿಸಿದ್ದು ತಪ್ಪಿತು. ಎರಡು ಪೆಟ್ಟು ಒಂದರ ಹಿಂದೊಂದು ಓಡಿ ಹಂಚಿನ ಮಾಡಿನ ಮೇಲೆ ತೆಂಗಿನಕಾಯಿ ಬಿದ್ದ ಹಾಗೆ ಕೇಳಿಸಿತು. ಯಾರೂ ತಲೆ ಎತ್ತಲಿಲ್ಲ. ಎರಡನೆಯದು ಪರವಾಗಿಲ್ಲ ಎನ್ನುವ ಹಾಗಾಯಿತು. ಮೂರನೆಯದಕ್ಕೆ ಬೆರಳು ಅವಳನ್ನು ಕೇಳದೆಯೇ ಚಲಿಸತೊಡಗಿತು. ಗೋಡೆ ಬಿಟ್ಟು ಮುಂದೆ ಬಂದ ನಾಲ್ಕೈದು ಮಂದಿ ಕಣ್ಣು ಮುಚ್ಚಿ ತಲೆಯಾಡಿಸುತ್ತಿದ್ದರು.

ಎಂಟೂವರೆಯ ಹೊತ್ತಿಗೆ ದಪ್ಪ ಬಾಗಿಲು ತೆರೆದು ಪದ್ದು ಒಳಗೆ ಬಂದಳು. ಪ್ಲಾಂಟು ಇನ್ನೂ ಅವಳ ಹೆಸರಿನಲ್ಲೇ ಇತ್ತು. ಹುಡುಗರು ಏನಾದರೂ ಒಡೆದು ಹಾಕಿಯಾರೆಂದು ಟಾರ್ಚು ಹಿಡಿದು ನೋಡಲು ಬಂದವಳ ಬೆಳಕು ಗೋಡೆಯ ಮೇಲೆ ಹರಿದು, ಮೋಟಾರಿನ ಮೇಲೆ ಹರಿದು, ಸೊಸೆಯ ಮೇಲೆ ನಿಂತಿತು.

ಸ್ವರ್ಣಲತಾ ಕಂಡಳು. ಆಗ ಎರಡು ತಟ್ಟೆಯೂ ಒಟ್ಟಿಗೆ ತಿರುಗುತ್ತಿದ್ದವು. ಒಂದು ಕ್ಷಣ ತಲೆ ಎತ್ತಿದರೆ, ಕಿವಿ ಬೇರೆ ಕಡೆ ಹೋದರೆ, ತಪ್ಪಿಹೋಗುತ್ತದೆ. ಇಳಿದು ಹೋಗಿ ಕೈ ಹಿಡಿದು ಹೊರಗೆ ಕರೆದುಕೊಂಡು ಹೋದರೆ ಏನಾದರೂ ಒಂದು ಕತೆ ಹೇಳಬಹುದಿತ್ತು. ರತೀಶನಿಗೆ ಸಹಾಯ ಎಂದರೂ ಪದ್ದು ನಂಬುತ್ತಿದ್ದಳು. ಅವಳು ಬೆರಳನ್ನು ತಟ್ಟೆಯ ಅಂಚಿನಿಂದ ತೆಗೆಯಲಿಲ್ಲ. ಹಳೆಯ ಪೆಟ್ಟನ್ನು ನಿಧಾನಕ್ಕೆ ಇಳಿಸಿ, ಹೊಸದನ್ನು ಏರಿಸಿ, ಪೂರ್ತಿ ಎರಡು ನಿಮಿಷ ತೆಗೆದುಕೊಂಡು ಮುಗಿಸಿದ ಮೇಲೆ ಬಾಗಿಲ ಕಡೆ ನೋಡಿದಳು. ಪದ್ದು ಅಲ್ಲೇ ನಿಂತಿದ್ದಳು.

ಒಂಬತ್ತಕ್ಕೆ ರಾಜೇಂದ್ರ ಕಟ್ಟೆ ಹತ್ತಿ, "ಕಿವಿ ಹಾಂಗೇ ಇತ್ತ್ ಕಾಣ್" ಎಂದ. ಅವಳು ನಕ್ಕು ಹೊರಗೆ ಬಂದಳು. ಹೊರಗೆ ಏನೂ ಕೇಳಿಸುತ್ತಿರಲಿಲ್ಲ. ರತೀಶ್ ಹೇಳಿದ್ದು ನಿಜ.

"ನನ್ನ ಕಂಡೂ ಕಾಣದಾಂಗ್ ಮಾಡ್ದೆ" ಎಂದಳು, ಅಲ್ಲಿ ಕಾಯುತ್ತಿದ್ದ ಪದ್ದು.

"ಕೈ ಬಿಡೂಕಾತಿರ್ಲಿಲ್ಲೆ ಅತ್ತೆ."

"ಇದಾ ನಿನ್ನ್ ರೆಕಾರ್ಡ್?"

"ಇದೇ."

ಪದ್ದು ಟಾರ್ಚನ್ನು ಆರಿಸಿ, ಮತ್ತೆ ಹಚ್ಚಿ, ಮತ್ತೆ ಆರಿಸಿದಳು. "ಹಾಂಗಾರೆ ಹಡಿ ಕಾಗ್ದ?"

"ಅದೆಲ್ಲ ಸರಿಯೇ ಇತ್ತ್."

"ಎಲ್ಲ್ ಕಲ್ತದ್ದ್?"

"ಇಲ್ಲೇ. ನಿಮ್ಮ್ ಮನಿಗ್ ಬಂದ್ ಮೇಲೆ."

ಪದ್ದು ಟಾರ್ಚು ಹಚ್ಚಿ ಮನೆಯ ದಾರಿ ಹಿಡಿದಳು.

ಸೋಮವಾರ ಪದ್ದು ಒಳ್ಳೆಯ ಸೀರೆ ಉಟ್ಟು ಟ್ರಂಕಿನ ಕಾಗದಗಳನ್ನೆಲ್ಲ ಕಟ್ಟಿಕೊಂಡು, ಯಾರನ್ನೂ ಕರೆಯದೆ, ಬಸ್ಸು ಹತ್ತಿ ಕುಂದಾಪುರದ ವಕೀಲರ ಹತ್ತಿರ ಹೋಗಿ ಬಂದಳು. ಒಂದಕ್ಷರವೂ ತಪ್ಪಿಲ್ಲ ಎಂದು ವಕೀಲರು ಹೇಳಿದರಂತೆ. ಸ್ವರ್ಣಲತಾಳಿಗೆ ಅದು ಗಂಡನ ಬಾಯಿಯಿಂದ ತಿಳಿಯಿತು. ಪದ್ದು ಬೈಯಲಿಲ್ಲ, ಕೇರಿಯಲ್ಲಿ ಹೇಳಲೂ ಇಲ್ಲ. ಕಾಗದ ಮಾತ್ರ ಸೊಸೆಯ ಹತ್ತಿರ ಮತ್ತೆ ತರಲಿಲ್ಲ. ಕೋರ್ಟಿನಿಂದ ಏನೇ ಬಂದರೂ ರತೀಶನ ತಂಗಿ ಚೇತನಾಳನ್ನು ಕರೆಸಿ ಓದಿಸತೊಡಗಿದಳು. ಮನೆಯವರಿಗೆ ತಿಳಿಯಬೇಕಾದ್ದು ತಿಳಿದಿತ್ತು, ಆ ಒಂದು ಗಂಟೆಯೂ ಸಿಕ್ಕಿತ್ತು. ಹಾಗಿದ್ದರೂ ಮಧ್ಯಾಹ್ನದ ಹೊತ್ತು ಕೈ ಖಾಲಿ ಎನಿಸಿದಾಗ ಸ್ವರ್ಣಲತಾಳಿಗೆ ಬೇಕೆನಿಸುತ್ತಿದ್ದದ್ದು ತಟ್ಟೆಯಲ್ಲ, ಟ್ರಂಕಿನ ಆ ಹಳದಿ ಕಾಗದಗಳು. ಇದು ಅವಳಿಗೇ ಆಶ್ಚರ್ಯವಾಗಿತ್ತು.

ಕೇಸಿನ ಹಿಂದಿನ ದಿನ ಜಗಲಿಯಲ್ಲಿ ಚೇತನಾ ಮಾಸಿದ ಕಾಗದವೊಂದನ್ನು ಗಟ್ಟಿಯಾಗಿ ಓದಿ ನಂಬರುಗಳನ್ನು ಬರೆದುಕೊಳ್ಳುತ್ತಿದ್ದಳು. ಸರ್ವೆ ನಂಬರು ನೂರಾ ಹದಿನಾಲ್ಕು, ಹಿಸ್ಸೆ ಎರಡು. ಸ್ವರ್ಣಲತಾ ಒಳಗಿನಿಂದ ಕೇಳಿಸಿಕೊಂಡಳು. ಕರೆಯುತ್ತಾರೇನೋ ಎಂದು ಸ್ವಲ್ಪ ಹೊತ್ತು ಕಾದಳು. ಚೇತನಾ ಮುಂದಿನ ಸಾಲಿಗೆ ಹೋದಳು.

"ಹಿಸ್ಸೆ ಎರಡಲ್ಲ, ಹನ್ನೆರಡ್" ಎಂದಳು ಸ್ವರ್ಣಲತಾ, ಅಡಿಗೆಮನೆಯಿಂದಲೇ, ಗಟ್ಟಿಯಾಗಿ.

ಜಗಲಿಯಲ್ಲಿ ಕಾಗದ ಮಗುಚುವ ಸದ್ದಾಯಿತು. ಪದ್ದು ಒಳಗೆ ತಿರುಗಿ ನೋಡಲಿಲ್ಲ.

"ಹನ್ನೆರಡ್ ಅಂಬ್ರ್" ಎಂದಳು ಚೇತನಾಳಿಗೆ. "ಬರ್ಕೊ."