ಕೇಳದೆ ತೆಗೆದ ಫೋಟೋ

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಚೈತ್ರಾ ಸಾಗರದ ಬಸ್ಸಿನಿಂದ ಹೊಸನಗರದಲ್ಲಿ ಇಳಿದಾಗ ಪೇಟೆಯ ಬದಿಯಲ್ಲಿ ಅಪ್ಪೆಮಿಡಿಯ ಬುಟ್ಟಿಗಳು ಆಗಲೇ ಬಂದು ಕೂತಿದ್ದವು. ಬೆಂಗಳೂರಿನ ವಾರಪತ್ರಿಕೆಯೊಂದಕ್ಕೆ ಮಿಡಿ ಉಪ್ಪಿನಕಾಯಿಯ ಚಿತ್ರಗಳು ಬೇಕಾಗಿದ್ದವು. ಆರು ವರ್ಷಗಳಿಂದ ಅವಳ ಕೆಲಸವೇ ಅದು. ಒಂದು ವಾರ ಹೊನ್ನೆಮರಡಿನ ಹಿನ್ನೀರು, ಇನ್ನೊಂದು ವಾರ ಕಾರ್ಗಲ್ಲಿನ ಹಳೆಯ ಕ್ವಾರ್ಟರ್ಸು. ಪತ್ರಿಕೆ ಕೇಳಿದ್ದನ್ನು ತೆಗೆದು ಕಳಿಸುವುದು, ಮತ್ತೆ ಮುಂದಿನ ಫೋನಿಗೆ ಕಾಯುವುದು. ಎದುರಿನವರಿಗೆ ತಿಳಿಯದಂತೆ ಫೋಟೋ ತೆಗೆಯುವುದರಲ್ಲಿ ಅವಳು ಪಳಗಿದ್ದಳು. "ನಿನ್ನ ಚಿತ್ರದಲ್ಲಿ ಯಾರೂ ನಟಿಸೋದಿಲ್ಲ" ಎಂದು ಸಂಪಾದಕ ಸುರೇಂದ್ರ ಒಮ್ಮೆ ಹೇಳಿದ್ದ. ಆ ಮಾತು ನೆನಪಾದಾಗಲೆಲ್ಲ ಅವಳಿಗೆ ಒಳಗೊಳಗೇ ಹೆಮ್ಮೆ.

ಚಹಾ ಕುಡಿಯಲೆಂದು ಬಸ್‌ಸ್ಟ್ಯಾಂಡಿನ ಎದುರಿನ ವಾಸಪ್ಪನ ಹೋಟೆಲಿಗೆ ಹೋದಳು. ಗಲ್ಲಾದ ಹಿಂದಿನ ಗೋಡೆಗೆ ಪತ್ರಿಕೆಯ ಹಾಳೆಯೊಂದನ್ನು ಅಂಟಿಸಿದ್ದರು. ಅದರಲ್ಲಿದ್ದ ಚಿತ್ರ ಅವಳದೇ. ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಮಧ್ಯವಯಸ್ಸಿನ ಒಬ್ಬಾತ ಮೈಮರೆತು ಮಲಗಿದ್ದ. ಹೆಗಲ ಟವೆಲ್ಲು ನೆಲಕ್ಕೆ ಜಾರಿತ್ತು. ನವೆಂಬರಿನಲ್ಲಿ "ಬಸ್ಸಿಗೆ ಕಾಯುವವರು" ಎಂಬ ಲೇಖನಕ್ಕಾಗಿ ತೆಗೆದದ್ದು. ಆಗ ಅಚ್ಚಾಗಿರಲಿಲ್ಲ. ಈಗ ಅದರ ಮೇಲೆ ದಪ್ಪಕ್ಷರದಲ್ಲಿ ಬೇರೆಯದೇ ಶೀರ್ಷಿಕೆ ಇತ್ತು: "ಊರನ್ನು ಮುಳುಗಿಸುತ್ತಿರುವ ಕುಡಿತ."

"ಇದನ್ನ ಎಂತಕ್ಕೆ ಹಚ್ಚಿದೀರಿ?" ಚೈತ್ರಾ ಕೇಳಿದಳು.

ವಾಸಪ್ಪ ನಕ್ಕ. "ಯಾರೋ ತಮಾಷೆಗೆ ಹಚ್ಚಿದ್ದು ಮಾರಾಯ್ರೆ. ನಮ್ಮ ಜಟ್ಟಿಂಗಪ್ಪ ಅಲ್ದಾ ಅದು! ಶಾಲೆ ಮಕ್ಳನ್ನ ವ್ಯಾನಲ್ಲಿ ಬಿಡ್ತಾನೆ. ಬಿಡ್ತಿದ್ದ ಅನ್ನಿ. ಎಂಟು ಮಕ್ಳಿದ್ರು, ಈಗ ಮೂರೇ ಉಳಿದಿದ್ದು."

"ಅವರು ಕುಡೀತಾರಾ?"

"ಹನಿ ಮುಟ್ಟೋನಲ್ಲ." ವಾಸಪ್ಪನ ನಗೆ ನಿಂತಿತು. "ಆದ್ರೆ ಪೇಪರಲ್ಲಿ ಬಂತಲ್ಲ."

ಚೈತ್ರಾ ಚಹಾ ಕುಡಿಯಲಿಲ್ಲ. "ಈ ಫೋಟೋ ತೆಗೆದವಳು ನಾನೇ. ಅವರ ಮನೆ ಎಲ್ಲಿ?" ಎಂದಳು. ವಾಸಪ್ಪ ಅವಳ ಮುಖವನ್ನೂ ಹೆಗಲ ಕ್ಯಾಮೆರಾವನ್ನೂ ನೋಡಿದ. ಎದ್ದು ಹಾಳೆಯನ್ನು ಕಿತ್ತು ಒಲೆಗೆ ಹಾಕಿದ. ಆಮೇಲೆ ದಾರಿ ಹೇಳಿದ.

ಜಟ್ಟಿಂಗಪ್ಪನ ಮನೆ ಪೇಟೆಯಿಂದ ಅರ್ಧ ಮೈಲಿ. ಅಂಗಳದಲ್ಲಿ ಹಳದಿ ವ್ಯಾನು ನಿಂತಿತ್ತು, ಅದರ ಕಿಟಕಿಗಳನ್ನು ಅವನು ಒರೆಸುತ್ತಿದ್ದ. ಚೈತ್ರಾ ತಾನು ಯಾರೆಂದು ಹೇಳಿಕೊಂಡಳು. ಚಿತ್ರ ತನ್ನದು, ಆ ಶೀರ್ಷಿಕೆ ತನ್ನದಲ್ಲ, ಆದರೂ ತಪ್ಪಾಗಿದೆ ಎಂದಳು.

"ನೀವು ಬೇಕಂತ ಮಾಡಿದ್ದಲ್ಲ, ಬಿಡಿ ಮೇಡಂ," ಎಂದ ಜಟ್ಟಿಂಗಪ್ಪ. "ಜನ ನಾಕು ದಿನ ಆಡ್ಕೊಂಡು ಮರೀತಾರೆ."

"ಮರೀತಾರಂತೆ!" ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ ಮೂಕಮ್ಮ ಮೆಟ್ಟಿಲಿಳಿದು ಬಂದಳು. "ಅವತ್ತು ಇವ್ರು ಎಂತಕ್ಕೆ ಮಲಗಿದ್ರು ಗೊತ್ತುಂಟಾ ನಿಮಗೆ? ನನಗೆ ಶಿವಮೊಗ್ಗದಲ್ಲಿ ಆಪರೇಷನ್ ಆಗಿತ್ತು. ಮೂರು ರಾತ್ರಿ ಆಸ್ಪತ್ರೆಯಲ್ಲಿ ನನ್ನ ಹತ್ರ ಕೂತಿದ್ರು. ಬೆಳಗಿನ ಬಸ್ಸಿಗೆ ಬಂದು ಮಕ್ಳನ್ನ ಶಾಲೆಗೆ ಬಿಡೋದು, ಸಂಜೆ ಮನೆಗೆ ಮುಟ್ಟಿಸಿ ತಿರುಗಿ ಶಿವಮೊಗ್ಗಕ್ಕೆ ಓಡೋದು. ಒಂದು ದಿನ ತಪ್ಪಿಸ್ಲಿಲ್ಲ. ಮಧ್ಯಾಹ್ನ ಚೂರು ಕಣ್ಣು ಹತ್ತಿದ್ದಕ್ಕೆ ಕುಡುಕ ಅನ್ನಿಸ್ಕೊಂಡ್ರು."

ಚೈತ್ರಾ ತಲೆ ತಗ್ಗಿಸಿದಳು.

"ಒಂದು ಮಾತು ಹೇಳಿ ತಂಗಿ. ಎಬ್ಬಿಸಿ ಕೇಳೋಕೆ ಎಂತಾಗಿತ್ತು ನಿಮಗೆ?"

ಎಬ್ಬಿಸಿದ್ದರೆ ಚಿತ್ರ ಕೆಡುತ್ತಿತ್ತು. ನಿಜವಾದ ಉತ್ತರ ಅದೊಂದೇ. ಅದನ್ನು ಈ ಹೆಂಗಸಿನ ಎದುರು ಹೇಳಲು ಚೈತ್ರಾಳಿಗೆ ಬಾಯಿ ಬರಲಿಲ್ಲ. ಮೂಕಮ್ಮ, "ಹೊರಗೆ ಎಂತಕ್ಕೆ ನಿಂತ್ರಿ, ಬಿಸಿಲು. ಒಳಗೆ ಬನ್ನಿ" ಎಂದಳು. ಬೈದವಳೇ ನೀರು ಬೆಲ್ಲ ತಂದಿಟ್ಟಳು.

ಅಲ್ಲಿಂದಲೇ ಚೈತ್ರಾ ಸುರೇಂದ್ರನಿಗೆ ಫೋನು ಮಾಡಿದಳು. ಅವನು ಸಮಾಧಾನದಿಂದಲೇ ಕೇಳಿಸಿಕೊಂಡ.

"ಅದು ಸಾಂಕೇತಿಕ ಚಿತ್ರ, ಚೈತ್ರಾ. ಹೆಸರು ಹಾಕಿಲ್ಲ, ಊರು ಹಾಕಿಲ್ಲ. ನೀನು ಕಳಿಸಿದ ಚಿತ್ರ ನಾವು ಎಲ್ಲಿ ಬೇಕಾದರೂ ಬಳಸಬಹುದು ಅಂತ ಒಪ್ಪಂದದಲ್ಲೇ ಇದೆ. ಕುಡಿತದಿಂದ ಮನೆ ಹಾಳಾದವರ ಕಥೆ ಜನರಿಗೆ ಮುಟ್ಟಬೇಕಾದರೆ ಒಂದು ಮುಖ ಬೇಕಲ್ಲ?"

"ಬೆಂಗಳೂರಲ್ಲಿ ಅದು ಒಂದು ಮುಖ ಸರ್. ಇಲ್ಲಿ ಅದು ಜಟ್ಟಿಂಗಪ್ಪ. ಅವರ ಫೋಟೋ ಹಾಕಿ, ಹೆಸರು ಹಾಕಿ, ತಪ್ಪಾಯ್ತು ಅಂತ ಅಷ್ಟೇ ಜಾಗದಲ್ಲಿ ಬರೀರಿ."

"ಕೊನೆ ಪುಟದಲ್ಲಿ ಎರಡು ಸಾಲು ಹಾಕಿಸ್ತೀನಿ. ಇದನ್ನ ಬೆಳೆಸಬೇಡ. ತೀರ್ಥಹಳ್ಳಿ ವಿಶೇಷಾಂಕ ಪೂರ್ತಿ ನಿನ್ನ ಕೈಗೇ ಕೊಡೋಣ ಅಂತಿದ್ದೆ."

ಆ ವಿಶೇಷಾಂಕಕ್ಕಾಗಿ ಚೈತ್ರಾ ವರ್ಷದಿಂದ ಆಸೆಪಟ್ಟಿದ್ದಳು. "ಅದನ್ನ ಬೇರೆಯವರಿಗೆ ಕೊಟ್ಟರೂ ಚಿಂತೆಯಿಲ್ಲ ಸರ್," ಎಂದಳು. "ಇದು ಮಾತ್ರ ಆಗಲೇಬೇಕು."

ಪತ್ರಿಕೆಯ ಉತ್ತರಕ್ಕೆ ಅವಳು ಕಾಯಲಿಲ್ಲ. ಮರುದಿನ ಸಾಗರದಿಂದ ಮೊದಲ ಬಸ್ಸಿಗೇ ಬಂದು ಶಾಲೆಯ ಗೇಟಿನ ಬಳಿ ನಿಂತಳು. ವ್ಯಾನು ಬಿಡಿಸಿದ ಮಕ್ಕಳನ್ನು ಅಪ್ಪ ಅಮ್ಮಂದಿರೇ ಬೈಕಿನಲ್ಲಿ ತಂದು ಬಿಡುತ್ತಿದ್ದರು. ಅಪರಿಚಿತರ ಬೆನ್ನ ಹಿಂದೆ ನಿಂತು ಚಿತ್ರ ತೆಗೆದು ಅಭ್ಯಾಸವಿದ್ದವಳಿಗೆ, ಎದುರು ಹೋಗಿ ನಿಂತು ಮಾತಾಡುವುದು ಹೊಸದಾಗಿತ್ತು. "ಆ ಫೋಟೋ ತೆಗೆದವಳು ನಾನು. ಅವರನ್ನ ಕೇಳದೆ ತೆಗೆದೆ. ಅವರು ಕುಡಿದಿರಲಿಲ್ಲ, ಹೆಂಡತಿಯ ಆಸ್ಪತ್ರೆಗೂ ನಿಮ್ಮ ಮಕ್ಕಳ ಶಾಲೆಗೂ ಓಡಾಡಿ ದಣಿದಿದ್ದರು." ಇಷ್ಟನ್ನೇ ಒಬ್ಬೊಬ್ಬರಿಗೂ ಹೇಳಿದಳು. ಒಬ್ಬ ಅಪ್ಪ ರೇಗಿ, "ನಿಮಗೆ ಫೋಟೋ, ನಮಗೆ ತಲೆನೋವು" ಎಂದು ಹೋದ. ಇಬ್ಬರು ನಾಚಿಕೊಂಡು, ನಾಳೆಯಿಂದ ವ್ಯಾನಿಗೇ ಕಳಿಸುವುದಾಗಿ ಹೇಳಿದರು.

ತಾಲೂಕು ಕಚೇರಿಯಲ್ಲಿ ಗುಮಾಸ್ತೆಯಾಗಿದ್ದ ಭವ್ಯಾ ಮಾತ್ರ ಆರು ವರ್ಷದ ಮಗಳು ಶ್ರಾವ್ಯಾಳ ಕೈಯನ್ನು ಬಿಡದೆ ಹಿಡಿದುಕೊಂಡೇ ಕೇಳಿಸಿಕೊಂಡಳು. "ಜಟ್ಟಿಂಗಪ್ಪಣ್ಣ ಎಂಥೋರು ಅಂತ ನನಗೂ ಗೊತ್ತು. ಆದ್ರೂ ಅಚ್ಚಾಗಿದ್ದು ಕಂಡ ಮೇಲೆ ಮನಸ್ಸಲ್ಲಿ ಅಳುಕು ಕೂತ್ಬಿಡ್ತದೆ. ಮಗೂ ವಿಷಯದಲ್ಲಿ ಧೈರ್ಯ ಮಾಡೋದು ಹೇಗೆ, ಹೇಳಿ?" ಎಂದಳು. ಆ ಅಳುಕನ್ನು ಅಲ್ಲಿ ತಂದು ಕೂರಿಸಿದವಳು ತಾನೇ ಎಂಬುದು ಚೈತ್ರಾಳಿಗೆ ಗೊತ್ತಿತ್ತು.

ನಾಲ್ಕನೇ ದಿನ ಸುರೇಂದ್ರನ ಫೋನು ಬಂತು. ವಿಶೇಷಾಂಕ ಬೇರೊಬ್ಬರ ಪಾಲಾಗಿತ್ತು. ಆದರೆ, "ಹೊಸ ಫೋಟೋ ಕಳಿಸು, ಅದೇ ಪುಟದಲ್ಲಿ ಅಷ್ಟೇ ಜಾಗ ಕೊಡ್ತೀನಿ. ನಾನೂ ಒಮ್ಮೆ ವಿಚಾರಿಸಬೇಕಿತ್ತು" ಎಂದ. ಕೊನೆಯ ಮಾತನ್ನು ಮೆಲ್ಲಗೆ ಹೇಳಿದ.

ಚಿತ್ರ ಹೇಗಿರಬೇಕೆಂದು ಚೈತ್ರಾ ಜಟ್ಟಿಂಗಪ್ಪನನ್ನೇ ಕೇಳಿದಳು. ಅವನು ಹೆಂಡತಿಯ ಕಡೆ ನೋಡಿದ. ಮೂಕಮ್ಮ ಮದುವೆಗೆ ಹೊಲಿಸಿದ ಬಿಳಿ ಅಂಗಿ ತೆಗೆದಿಟ್ಟಳು. "ನಾನೊಬ್ನೇ ನಿಂತ್ರೆ ಚಂದ ಕಾಣಲ್ಲ," ಎಂದ ಜಟ್ಟಿಂಗಪ್ಪ. "ಮಕ್ಳೂ ಇರ್ಲಿ. ಆದ್ರೆ ಮನೆಯೋರನ್ನ ಕೇಳ್ಬೇಕು."

ಭಾನುವಾರ ಅವನೂ ಚೈತ್ರಾಳೂ ಮನೆ ಮನೆಗೆ ಹೋಗಿ ಕೇಳಿದರು. ಕುಡುಕನೆಂದು ತನ್ನನ್ನು ಬಿಟ್ಟವರ ಮನೆಯ ಮೆಟ್ಟಿಲನ್ನೂ ಅವನು ಎಂದಿನ ನಗುಮುಖದಿಂದಲೇ ಹತ್ತಿದ. ಗೇಟಿನ ಬಳಿ ರೇಗಿದ್ದ ಅಪ್ಪ ಚಹಾ ಕುಡಿಸದೆ ಕಳಿಸಲಿಲ್ಲ. ಭವ್ಯಾ ಮಾತ್ರ, "ಯೋಚನೆ ಮಾಡ್ತೀನಿ" ಎಂದು ಬಾಗಿಲಲ್ಲೇ ನಿಂತಳು. ಜಟ್ಟಿಂಗಪ್ಪ ಒತ್ತಾಯಿಸಲಿಲ್ಲ. "ಆಗ್ಲಿ ಅಕ್ಕೋರೆ, ನಿಧಾನಕ್ಕೆ ಹೇಳಿ" ಎಂದು ಕೈಮುಗಿದು ಹೊರಟ.

ಅಂದು ಸಂಜೆ ಅಂಗಳ ತುಂಬ ಮಕ್ಕಳ ಗದ್ದಲ. ಏಳು ಮಕ್ಕಳು ಕಿಟಕಿಯ ಜಾಗಕ್ಕಾಗಿ ಜಗಳವಾಡುತ್ತಿದ್ದರು. ಚೈತ್ರಾ ಕ್ಯಾಮೆರಾ ಹಿಡಿದು ಸರಿಯಾಗಿ ನಿಲ್ಲುವಷ್ಟರಲ್ಲಿ ಭವ್ಯಾ ಅವಸರದಿಂದ ಬಂದಳು. ಪಕ್ಕದಲ್ಲಿ ಜಡೆ ಹೆಣೆದು ಅಬ್ಬಲಿಗೆ ಹೂ ಮುಡಿಸಿಕೊಂಡ ಶ್ರಾವ್ಯಾ.

"ಇವಳೂ ಇರ್ಲಿ ಅಣ್ಣಾ," ಎಂದಳು ಭವ್ಯಾ. ಬಾಗಿಲಲ್ಲಿ ತಡೆದು ನಿಲ್ಲಿಸಿದ್ದಕ್ಕೆ ಅವಳ ಮುಖದಲ್ಲಿ ಸಂಕೋಚವಿತ್ತು.

ಚೈತ್ರಾ ಮಗುವಿನ ಎದುರು ಮೊಣಕಾಲೂರಿ ಕೂತಳು. "ನಿನ್ನ ಫೋಟೋ ತೆಗೀಬಹುದಾ ಪುಟ್ಟಿ?"

ಶ್ರಾವ್ಯಾ ಅಡ್ಡಡ್ಡ ತಲೆಯಾಡಿಸಿದಳು. "ಬ್ಯಾಡ."

"ಅಯ್ಯೋ, ಇಷ್ಟು ಚಂದ ಹೊರಡಿಸಿ ತಂದಿದೀನಿ! ಹೋಗಿ ನಿಂತ್ಕೊಳೇ," ಎಂದು ಭವ್ಯಾ ಮಗಳನ್ನು ಮುಂದಕ್ಕೆ ತಳ್ಳಿದಳು.

"ಬ್ಯಾಡ ಅಂದ್ಲಲ್ಲ ಭವ್ಯಾ, ಬಿಡಿ," ಎಂದಳು ಚೈತ್ರಾ.

ಬಿಳಿ ಅಂಗಿಯ ಜಟ್ಟಿಂಗಪ್ಪ ವ್ಯಾನಿನ ಬಾಗಿಲಿಗೆ ಒರಗಿ ನಕ್ಕ. ಅವನ ಹಿಂದೆ ಏಳು ಮಕ್ಕಳೂ ಒಟ್ಟಿಗೆ ಕೂಗಿದರು. ಎಲ್ಲರೂ ಕ್ಯಾಮೆರಾವನ್ನೇ ನೋಡುತ್ತಿದ್ದರು, ಕೆಲವರು ಬೇಕೆಂದೇ ಹಲ್ಲು ಕಿರಿದಿದ್ದರು. ಚೈತ್ರಾ ಈವರೆಗೆ ತೆಗೆದ ಚಿತ್ರಗಳ ಹಾಗೆ ಅದು ಇರಲಿಲ್ಲ. ಅವಳು ಪರದೆಯ ಮೇಲೆ ತೋರಿಸಿದಾಗ ಮೂಕಮ್ಮ ಕನ್ನಡಕ ತಂದು ಹಾಕಿಕೊಂಡು ಬಹಳ ಹೊತ್ತು ನೋಡಿದಳು. ಆಮೇಲೆ, "ಹ್ಞಾ, ಇವ್ರು ನಮ್ಮನೆಯೋರು," ಎಂದಳು.

ಮರುದಿನ ಬೆಳಿಗ್ಗೆ ಎಂಟೂಕಾಲಿಗೆ ವ್ಯಾನು ಭವ್ಯಾಳ ಮನೆ ಎದುರು ನಿಂತು ಹಾರನ್ ಹೊಡೆಯಿತು. ಫೋಟೋದಲ್ಲಿ ಇರಲೊಲ್ಲದ ಶ್ರಾವ್ಯಾ ಚೀಲ ಕುಣಿಸುತ್ತ ಓಡಿ ಬಂದು ಹತ್ತಿ ಕೂತಳು.