ಮೂವತ್ತು ಇಲಿಗಳ ಗಿಡ್ಡ ಮೂಗು

ಇಲಿಗಳ ತಲೆಬುರುಡೆ ನೋಡಿ ನೋಡಿ ಅವಳಿಗೆ ಮನುಷ್ಯರ ಮುಖವೇ ವಿಕಾರವಾಗಿ ಕಾಣತೊಡಗಿತ್ತು. ಸಂಶೋಧನೆಯ ಐದನೇ ವರ್ಷ; ಪದವಿಯ ಮೌಖಿಕ ಪರೀಕ್ಷೆಗೆ ಇನ್ನು ಹತ್ತೇ ದಿನ.

ಒಟ್ಟು ಅರವತ್ತು ಇಲಿಗಳು. ಮೂವತ್ತು ಇಲಿಗಳಲ್ಲಿ ಬೇಕೆಂದೇ ಒಂದು ಜೀನ್ ಕೆಡಿಸಲಾಗಿತ್ತು, ಉಳಿದ ಮೂವತ್ತು ಸಂಭಾವಿತ ಇಲಿಗಳು. ಎಲ್ಲವನ್ನೂ ಸಿ.ಟಿ. ಸ್ಕ್ಯಾನ್ ಮಾಡಿ, ಪರದೆಯ ಮೇಲೆ ಪ್ರತಿ ಬುರುಡೆಗೂ ನಲವತ್ತು ಚುಕ್ಕೆ ಇಟ್ಟು ಆಕಾರ ಅಳೆಯುವುದು ಕೆಲಸ. ಫಲಿತಾಂಶ ಅಮೋಘ: ಜೀನ್ ಕೆಟ್ಟವುಗಳ ಮೂಗು ಗಿಡ್ಡ. ಅವಳ ಪ್ರೊಫೆಸರು ಆ ಗಿಡ್ಡ ಮೂಗನ್ನು ಹಿಡಿದುಕೊಂಡೇ ಮೂರು ಸಮ್ಮೇಳನ ಸುತ್ತಿ ಬಂದಿದ್ದರು.

ಪ್ರಬಂಧದ ಮುಖಪುಟಕ್ಕೆ ಚಂದದ ಬುರುಡೆ ಹುಡುಕುತ್ತ ಅವಳು ಗಿಡ್ಡ ಮೂಗಿನದೊಂದನ್ನು ತೆರೆದಳು. ಆ ಮೂವತ್ತಕ್ಕೆ ಚುಕ್ಕೆ ಇಟ್ಟವನು ಕೆಲಸ ಸಿಕ್ಕಿ ಹೊರಟುಹೋಗಿದ್ದ ಸೀನಿಯರ್. ಸಂಭಾವಿತರ ಪಾಲು ಇವಳದು. ಮೂಗಿನ ತುದಿಯ ಚುಕ್ಕೆ ತುದಿಯಲ್ಲಿರಲಿಲ್ಲ, ಕೂದಲೆಳೆಯಷ್ಟು ಒಳಗಿತ್ತು. ಇನ್ನೊಂದು ತೆರೆದಳು. ಅದರಲ್ಲೂ ಹಾಗೇ. ಆ ಸೀನಿಯರ್‌ಗೇ ಫೋನ್ ಮಾಡಿದಳು.

"ದಪ್ಪ ಮೂಳೆ ಮಾತ್ರ ಕಾಣೋ ಹಾಗೆ ಸೆಟ್ ಮಾಡ್ಕೊಂಡಿದ್ದೆ ಕಣಮ್ಮ. ಬುರುಡೆ ನೀಟಾಗಿ ಕಾಣುತ್ತೆ."

"ಮೂಗಿನ ತುದಿ ತೆಳು ಮೂಳೆ ಅಲ್ವಾ? ಅದು ಕಾಣ್ಸಲ್ವಲ್ಲ!"

"ಅಷ್ಟೊಂದು ಯಾರು ನೋಡ್ತಾರೆ ಬಿಡು."

ನಾಲ್ಕು ದಿನ ಕೂತು ಮೂವತ್ತಕ್ಕೂ ಹೊಸದಾಗಿ ಚುಕ್ಕೆ ಇಟ್ಟಳು. ಇಲಿಗಳ ಮೂಗು ಯಾವ ಗಲಾಟೆಯೂ ಇಲ್ಲದೆ ಬೆಳೆದು ಸರಿಹೋಯಿತು.

"ಸರ್, ಮೂಗು ಗಿಡ್ಡ ಇಲ್ಲ."

"ಯಾವ ಇಲಿದು?"

"ಯಾವುದರದ್ದೂ ಇಲ್ಲ ಸರ್."

ಪ್ರೊಫೆಸರು ಕನ್ನಡಕ ತೆಗೆದು ಒರೆಸಿದರು. "ಆ ಫೈಲ್ ತೆಗಿ ಅಂತ ನಿಂಗೆ ಹೇಳಿದ್ಯಾರು?"

"ಮುಖಪುಟಕ್ಕೆ ಚಿತ್ರ ಬೇಕು ಅಂದಿದ್ದು ನೀವೇ."

"ಆರು ದಿನ ಸುಮ್ನಿರು. ಪದವಿ ಕೈಗೆ ಬರ್ಲಿ, ಸತ್ಯ ಎಲ್ಲೂ ಓಡಿಹೋಗಲ್ಲ."

"ಪರೀಕ್ಷಕರು ಸ್ಕ್ಯಾನ್ ತೆಗೆದು ನೋಡಿದ್ರೆ?"

"ಅವರು ಪ್ರಬಂಧವನ್ನೇ ತೆಗೆಯಲ್ಲ, ಸ್ಕ್ಯಾನ್ ತೆಗೀತಾರಾ?"

ಇಡೀ ಐದು ವರ್ಷದಲ್ಲಿ ಅವರು ಆಡಿದ, ಸಾಕ್ಷಿ ಬೇಡದಷ್ಟು ನಿಜವಾದ ಮಾತು ಅದೊಂದೇ. ಸುಮ್ಮನಿದ್ದುಬಿಡುವ ಆಸೆಯೇನೋ ಆಯಿತು. ಕೋಣೆಗೆ ಬಂದು ಪ್ರಬಂಧ ತೆರೆದಳು. 'ಮೂಗು ಗಿಡ್ಡವಾಗಿರುವುದು ಸ್ಪಷ್ಟ' ಎಂದು ಬರೆದವಳು ತಾನೇ. ಅದನ್ನು ಹೊಡೆದುಹಾಕಿ, ಪರೀಕ್ಷೆ ಮುಂದೂಡಿ ಎಂದು ವಿಭಾಗಕ್ಕೆ ಪತ್ರ ಕಳಿಸಿದಳು.

ಪರೀಕ್ಷೆ ಒಂದು ವರ್ಷ ಮುಂದೆ ಹೋಯಿತು. "ಇನ್ನೂ ಆ ಇಲಿ ಮುಗೀಲಿಲ್ವೇನೇ?" ಎಂದು ಅಕ್ಕ ಫೋನಿನಲ್ಲೇ ಹಣೆ ಚಚ್ಚಿಕೊಂಡಳು. ಪ್ರೊಫೆಸರು ಮಾತ್ರ ಕಾರಿಡಾರಿನಲ್ಲಿ ಸಿಕ್ಕವರಿಗೆಲ್ಲ, "ನಂಗೆ ಮೊದಲಿಂದ್ಲೂ ಡೌಟಿತ್ತು" ಎನ್ನುತ್ತ ಓಡಾಡಿದರು.

ಈ ಸಲ ಯಾವ ಗುಂಪಿನದೆಂದು ತನಗೇ ಗೊತ್ತಾಗದಂತೆ ಎಲ್ಲವನ್ನೂ ಮತ್ತೆ ಅಳೆಯಬೇಕೆಂದು ಅವಳು ಕೇಳಿದ್ದಕ್ಕೆ, ಸ್ಕ್ಯಾನ್ ಕೋಣೆಯ ಟೆಕ್ನಿಷಿಯನ್ ಅರವತ್ತು ಫೈಲುಗಳ ಹೆಸರು ಅಳಿಸಿ, ಕಲಸಿ ಕೊಟ್ಟ. ಯಾವುದು ಯಾವ ಗುಂಪು ಎಂಬ ಪಟ್ಟಿ ಅವನ ಜೇಬಿನಲ್ಲಿತ್ತು.

"ಒಂದೇ ಒಂದು ಹೇಳ್ಲಾ?"

"ಬಾಯಿ ಬಿಟ್ರೆ ನಿಮ್ಮ ಬುರುಡೇನೇ ಸ್ಕ್ಯಾನಿಗೆ ಹಾಕ್ತೀನಿ ಅಣ್ಣ," ಎಂದು ಅವಳು ಮೊದಲ ಇಲಿಯ ಮೂಗಿನ ತುದಿಗೆ, ಸರಿಯಾಗಿ ತುದಿಗೇ, ಚುಕ್ಕೆ ಇಟ್ಟಳು.