ಕಿಟಕಿಯ ಕೆಳಗಿನ ಕೆಮ್ಮು

ಗುರಸಿದ್ದವ್ವನ ಖಾನಾವಳಿಯ ಅಡುಗೆಮನೆಗೆ ಒಂದೇ ಕಿಟಕಿಯಿತ್ತು. ಅದು ಹಿತ್ತಲ ಓಣಿಗೆ ತೆರೆದುಕೊಳ್ಳುತ್ತಿತ್ತು. ಸರಳುಗಳು ಒಗ್ಗರಣೆಯ ಹೊಗೆಗೆ ಕಪ್ಪಾಗಿದ್ದವು. ಮುಟ್ಟಿದರೆ ಬೆರಳಿಗೆ ಜಿಡ್ಡು ಹತ್ತುತ್ತಿತ್ತು. ಹೊತ್ತೇರಿದ ಮೇಲೆ ಬೆಳ್ಳುಳ್ಳಿ, ಕರಿಬೇವು, ಹುರಿದ ಶೇಂಗಾದ ವಾಸನೆ ಅಲ್ಲಿಂದ ಓಣಿಗೆ ಇಳಿಯುತ್ತಿತ್ತು. ಒಂದು ಚಳಿಗಾಲವಿಡೀ ನಾನು ಆ ಕಿಟಕಿಯ ಕೆಳಗೆ ಗೋಡೆಗೆ ಬೆನ್ನು ಕೊಟ್ಟು, ಯಾರಾದರೂ ನೋಡಿಯಾರೆಂದು ಅಂಜುತ್ತ ನಿಂತಿದ್ದೇನೆ. ಯಾಕೆ ನಿಂತಿದ್ದೆ ಎನ್ನುವುದಕ್ಕೆ ಊರಿನ ಹತ್ತಿರ ಒಂದು ಕಾರಣವಿತ್ತು, ನನ್ನ ಹತ್ತಿರ ಇನ್ನೊಂದು.

ನಮ್ಮದು ಕಾಲೇಜಿನ ಊರು. ಕಾಲೇಜು ತೆರೆದರೆ ಊರಿಗೆ ಜೀವ ಬರುತ್ತಿತ್ತು. ರಜೆ ಬಿದ್ದರೆ ನಾಯಿಗಳೂ ಬೊಗಳಲು ಬೇಸರಪಡುತ್ತಿದ್ದವು. ಕಾಲೇಜಿನ ಗೇಟಿನ ಎದುರು ನಾನು ಪುಸ್ತಕಗಳಿಗೆ ರಟ್ಟು ಕಟ್ಟುವ ಅಂಗಡಿ ಇಟ್ಟುಕೊಂಡಿದ್ದೆ. ಟ್ರಂಕು ಹೊತ್ತು ಬಂದ ಹೊಸಬರು ಮೊದಲು ನನ್ನ ಅಂಗಡಿಯ ನೆರಳಿಗೇ ಬಂದು ನಿಲ್ಲುತ್ತಿದ್ದರು. ಎಲ್ಲಿ ಉಣ್ಣಬೇಕು, ಎಲ್ಲಿ ಕೊಳ್ಳಬೇಕು ಎಂದು ಕೇಳುತ್ತಿದ್ದರು. ಕೇಳದವರಿಗೂ ನಾನು ಹೇಳುತ್ತಿದ್ದೆ. ಗೇಟಿನ ಪಕ್ಕದ ಹೋಟೆಲಿನಲ್ಲಿ ಚಹಾ ಕುಡಿಯಿರಿ, ಇಡ್ಲಿ ಮಾತ್ರ ಮುಟ್ಟಬೇಡಿ. ನನ್ನಲ್ಲಿ ರಟ್ಟು ಮುಗಿದ ದಿನ ಅದನ್ನೇ ತಂದು ಕಟ್ಟಬಹುದು. ಗಡಿಯಾರದ ಕಂಬದ ಹತ್ತಿರದ ಬಟ್ಟೆ ಅಂಗಡಿಯವನು ಮಾತಿನಲ್ಲಿ ಧಾರಾಳಿ, ಅಳತೆಯಲ್ಲಿ ಜುಗ್ಗ. ಚಾದರ ಬೇಕಾದರೆ ನೇಕಾರರ ಓಣಿಗೆ ಹೋಗಿ, ಮಗ್ಗದಿಂದ ಇಳಿದದ್ದನ್ನೇ ತನ್ನಿ. ಸಂತೆಗೆ ಬೆಳಿಗ್ಗೆ ಹೋಗುವವನು ಶ್ರೀಮಂತ, ಸಂಜೆ ಹೋಗುವವನು ಜಾಣ. ಬಸ್ ನಿಲ್ದಾಣದ ಹಿಂದಿನ ಗಾಡಿಯ ಮಿರ್ಚಿ ಭಜಿ ಎಣ್ಣೆ ಬದಲಿಸಿದ ದಿನ ಅಮೃತ, ಉಳಿದ ದಿನ ಹೊಟ್ಟೆಯ ಪರೀಕ್ಷೆ. ಊರಿನ ಬೇರೆ ಯಾವ ವಿಷಯದಲ್ಲೂ ನನ್ನ ಮಾತಿಗೆ ಬೆಲೆಯಿರಲಿಲ್ಲ. ಈ ಒಂದರಲ್ಲಿ ಮಾತ್ರ ಪ್ರಾಧ್ಯಾಪಕರೂ ನನ್ನನ್ನು ಕೇಳಿ ಮುಂದೆ ಹೋಗುತ್ತಿದ್ದರು. ಊಟ ಎಲ್ಲಿ ಎಂದರೆ ನನ್ನ ಉತ್ತರ ಒಂದೇ: ಗುರಸಿದ್ದವ್ವನ ಖಾನಾವಳಿ.

ಗುರಸಿದ್ದವ್ವ ಚಿಕ್ಕ ವಯಸ್ಸಿನಲ್ಲಿ ಗಂಡನನ್ನು ಕಳೆದುಕೊಂಡವಳು. ಗಂಡನ ಅಣ್ಣ ಅಡಿವೆಪ್ಪ ಹತ್ತಿರದ ಹಳ್ಳಿಯಲ್ಲಿದ್ದ. ನಮ್ಮ ಊರಿನ ಮನೆ ಅಣ್ಣತಮ್ಮ ಇಬ್ಬರಿಗೂ ಸೇರಿದ್ದು. ತಮ್ಮ ತೀರಿಕೊಂಡ ಮೇಲೆ ಅವನು ಇವಳನ್ನು ಹಳ್ಳಿಗೆ ಕರೆದ. ಇವಳು ಹೋಗಲಿಲ್ಲ, ಪಡಸಾಲೆಯಲ್ಲಿ ಮಣೆ ಹಾಕಿ ಖಾನಾವಳಿ ತೆರೆದಳು. ಹೆಸರು ಕೆಡದಂತೆ ನಡೆಯುವಷ್ಟು ದಿನ ನಡೆಯಲಿ, ಕೆಟ್ಟ ದಿನ ಬಾಗಿಲಿಗೆ ಬೀಗ ಹಾಕಿ ಹಳ್ಳಿಗೆ ಬರಬೇಕು ಎಂದು ಅಡಿವೆಪ್ಪ ನಾಲ್ಕು ಮಂದಿಯ ಎದುರೇ ಹೇಳಿ ಹೋಗಿದ್ದ. ಹಳ್ಳಿಯೆಂದರೆ ಅವಳಿಗೆ ದೊಡ್ಡ ಕುಟುಂಬದ ಹಿತ್ತಲಲ್ಲಿ ತಲೆ ತಗ್ಗಿಸಿ ಬದುಕುವುದು. ಅದನ್ನು ಅವಳು ಯಾರ ಹತ್ತಿರವೂ ಹೇಳಿಕೊಂಡವಳಲ್ಲ. ಆದರೆ ಅಡಿವೆಪ್ಪನ ಹೆಸರು ಬಂದಾಗ ರೊಟ್ಟಿ ಬಡಿಯುವ ಸಪ್ಪಳ ಒಂದಿಷ್ಟು ಜೋರಾಗುತ್ತಿತ್ತು.

ಆ ಮನೆಯಲ್ಲಿ ಒಂದು ಪದ್ಧತಿಯಿತ್ತು. ಅಡುಗೆಯ ಮೊದಲ ಎಡೆ ಪಡಸಾಲೆಯ ದೇವರ ಗೂಡಿನ ಮುಂದೆ ಇಟ್ಟು ಕೈಮುಗಿಯುವ ತನಕ ಯಾರೂ ಅದನ್ನು ನಾಲಿಗೆಗೆ ತಾಗಿಸುವಂತಿರಲಿಲ್ಲ, ಅಡುಗೆ ಮಾಡಿದವಳೂ ಕೂಡ. ಉಪ್ಪು ಹತ್ತಿತೋ, ಹುಳಿ ಹೆಚ್ಚಾಯಿತೋ, ಬೇಳೆ ತಳ ಹಿಡಿಯಿತೋ, ಎಲ್ಲವನ್ನೂ ಕುದಿಯುವ ವಾಸನೆಯಿಂದಲೇ ಗುರಸಿದ್ದವ್ವ ತಿಳಿಯುತ್ತಿದ್ದಳು. ಉಪ್ಪಿಗೆಲ್ಲಿಯ ವಾಸನೆ ಎನ್ನುವವರು ಅವಳ ಸಾರು ಕುದಿಯುವುದನ್ನು ಮೂಸಿದವರಲ್ಲ. ಅಳೆದು ಹಾಕಿದವಳಲ್ಲ, ತಪ್ಪಿದವಳೂ ಅಲ್ಲ.

ಅಂಥವಳ ಸಾರು ಒಂದು ದಿನ ಸಪ್ಪೆಯಾಯಿತು. ಮರುದಿನ ಝುಣಕ ತಳ ಹಿಡಿದಿತ್ತು. ಪಂಕ್ತಿಯಲ್ಲಿದ್ದವರೆಲ್ಲ ಪರೀಕ್ಷೆಯ ಮಾತಾಡುತ್ತ ಸುಮ್ಮನೆ ಉಂಡು ಎದ್ದರು. ಯಾರಿಗೂ ತಿಳಿಯದ್ದು ನನಗೊಬ್ಬನಿಗೇ ತಿಳಿದರೆ ಕೆಟ್ಟದ್ದು ಅಡುಗೆಯೋ, ನನ್ನ ನಾಲಿಗೆಯೋ? ನನಗೆ ದಿಗಿಲಾಯಿತು. ಇರುವ ಒಂದೇ ವಿದ್ಯೆ ಕೈಬಿಟ್ಟರೆ ಮುಂದೇನು ಎಂದು ಸಂಜೆ ಅಂಗಡಿ ಬೀದಿಯುದ್ದಕ್ಕೂ ಮೂಗು ಚಾಚಿಕೊಂಡು ನಡೆದೆ. ಕಿರಾಣಿ ಅಂಗಡಿಯಲ್ಲಿ ಇಂಗು ಮೂಸಿದೆ, ಹೂವಿನವಳ ಬುಟ್ಟಿಗೆ ಬಗ್ಗಿ ಬೈಸಿಕೊಂಡೆ, ಸೀಮೆ ಎಣ್ಣೆಯ ಡಬ್ಬಿಗೆ ಮುಖ ಹಿಡಿದು ಕಣ್ಣಲ್ಲಿ ನೀರು ತಂದುಕೊಂಡೆ. ಮೂಗು ನೆಟ್ಟಗಿತ್ತು. ಅದು ಖಾತ್ರಿಯಾದ ಮೇಲೆ ನನ್ನ ದಿಗಿಲು ಹೋಗಿ ಅವಳ ಬಗೆಗಿನ ದಿಗಿಲು ಹತ್ತಿಕೊಂಡಿತು.

ಮಾರನೆಯ ದಿನ ಎಲ್ಲರೂ ಎದ್ದ ಮೇಲೂ ನಾನು ಕೈ ತೊಳೆಯುವ ನೆವದಲ್ಲಿ ಹಿಂದುಳಿದೆ. ಅವಳು ತಾನಾಗಿಯೇ ಬಾಗಿಲಿಗೆ ಬಂದಳು. ಎಲ್ಲರನ್ನೂ ಕರೆಯುವಂತೆ ನನ್ನನ್ನೂ ಅಣ್ಣಾರ ಎಂದೇ ಕರೆಯುತ್ತಿದ್ದಳು.

"ಅಣ್ಣಾರ, ನಿಮಗ ಗೊತ್ತಾಗೇತಿ. ನೀವು ಸಾರು ಉಣ್ಣೂ ಮುಂದ ನಿಮ್ಮ ಮಾರಿ ನೋಡೇನಿ."

ಜ್ವರ ಬಂದು ಹೋದ ಮೇಲೆ ತನ್ನ ಮೂಗಿಗೆ ಯಾವ ವಾಸನೆಯೂ ಹತ್ತುತ್ತಿಲ್ಲ ಎಂದು ಹೇಳಿದಳು. ಹಾಲು ಉಕ್ಕಿ ಒಲೆಯ ಮೇಲೆ ಸುಟ್ಟದ್ದನ್ನೂ ಕಣ್ಣಿಂದ ನೋಡಿಯೇ ತಿಳಿದಿದ್ದಳಂತೆ. ವೈದ್ಯರು, ಬಂದರೆ ಬಂತು ಇಲ್ಲದಿದ್ದರೆ ಇಲ್ಲ ಎಂದಿದ್ದರಂತೆ. ಹಾಗಾದರೆ ರುಚಿ ನೋಡಿಯೇ ಉಪ್ಪು ಹಾಕಬಾರದೇ ಎಂದು ನಾನು ಕೇಳಿದೆ. ಅವಳು ನನ್ನನ್ನು ತಿಳಿಗೇಡಿಯನ್ನು ನೋಡುವಂತೆ ನೋಡಿದಳು.

"ಬಾಯಿಗೆ ಹಚ್ಚಿದ್ದನ್ನ ದೇವರಿಗೆ ಹ್ಯಾಂಗ ಇಡಲಿ? ಎಡಿ ಇಟ್ಟ ಮ್ಯಾಲ ಉಪ್ಪು ಹಾಕಿದರ ದೇವರಿಗೆ ಸಪ್ಪನ್ನದು ಕೊಟ್ಟಂಗ. ಅತ್ತಿ ಸಾಯೂ ಮುಂದ ನನ್ನ ಕೈ ಹಿಡಿದು ಹೇಳ್ಯಾರ."

ಆಮೇಲೆ ಧ್ವನಿ ತಗ್ಗಿಸಿ ತನ್ನ ಉಪಾಯ ಹೇಳಿದಳು. ಮಡಿಯ ಅಡುಗೆಮನೆಗೆ ನಾನು ಹೋಗುವಂತಿರಲಿಲ್ಲ. ಆದರೆ ಓಣಿ ಎಲ್ಲರದು, ವಾಸನೆಗೆ ಮಡಿಯಿಲ್ಲ. ಸಾರು ಕುದಿಯುವ ಹೊತ್ತಿಗೆ ಕಿಟಕಿಯ ಕೆಳಗೆ ನಿಂತು ನಾನು ಮೂಸಬೇಕು. ಉಪ್ಪು ಬೇಕಾದರೆ ಒಂದು ಕೆಮ್ಮು. ಒಲೆಯಿಂದ ಇಳಿಸಬೇಕಾದರೆ ಎರಡು. ತಿಳಿಯಿತು ಎನ್ನುವುದಕ್ಕೆ ಅವಳು ಸೌಟನ್ನು ಪಾತ್ರೆಯ ಕಂಠಕ್ಕೆ ಬಡಿಯುತ್ತಾಳೆ.

ಹೀಗೆ ಊರಿಗೆಲ್ಲ ಉಪದೇಶ ಹೇಳುತ್ತಿದ್ದ ನಾನು ಓಣಿಯಲ್ಲಿ ನಿಂತು ಕೆಮ್ಮತೊಡಗಿದೆ. ಮೊದಲ ದಿನಗಳ ಭಯ ಹೇಳತೀರದು. ಉಣ್ಣುವಾಗ ಅಭಿಪ್ರಾಯ ಹೇಳುವುದು ಸುಲಭ. ಇಲ್ಲಿ ನನ್ನ ಮೂಗು ತಪ್ಪಿದರೆ ಒಂದು ಹೆಂಗಸಿನ ಬದುಕು ಹಳ್ಳಿಯ ಹಿತ್ತಲು ಸೇರುತ್ತಿತ್ತು. ಗಾಳಿ ಬೀಸಿದರೆ ಬೈಯುತ್ತಿದ್ದೆ. ಪಕ್ಕದ ಮನೆಯಲ್ಲಿ ಮೆಣಸಿನಕಾಯಿ ಹುರಿದರೆ ಅಳುವುದೊಂದು ಬಾಕಿ. ಕೆಮ್ಮಿದ ಮೇಲೆ ಸೌಟಿನ ಸದ್ದು ಕೇಳುವ ತನಕ ಉಸಿರು ಬಿಗಿಹಿಡಿಯುತ್ತಿದ್ದೆ. ಟಣ್ ಎಂದೊಡನೆ ಎದೆ ಹಗುರಾಗುತ್ತಿತ್ತು. ಊಟದ ಹೊತ್ತಿಗೆ ಮೊದಲ ತುತ್ತು ಬಾಯಿಗಿಡುವಾಗ ಬಾಗಿಲ ಸಂದಿಯಿಂದ ಅವಳು ನನ್ನ ಮುಖ ನೋಡುತ್ತಿದ್ದಳು. ನಾನು ಇನ್ನಷ್ಟು ಅನ್ನ ಕೇಳಿದರೆ ಅವಳು ನಿರಾಳವಾಗಿ ಒಳಗೆ ಸರಿಯುತ್ತಿದ್ದಳು. ಸಾರು ಮತ್ತೆ ಮೊದಲಿನ ಸಾರಾಯಿತು. ನಾನು ಹೊಸಬರನ್ನು ಧೈರ್ಯವಾಗಿ ಅಲ್ಲಿಗೆ ಕಳಿಸತೊಡಗಿದೆ.

ಬರಬರುತ್ತ ನಾನು ಓಣಿಗೆ ಬೇಗನೆ ಹೋಗತೊಡಗಿದೆ. ಅಂಗಡಿಯಲ್ಲಿ ಗೋಂದು ಒಣಗಿ ಬಿರಿಯುತ್ತಿತ್ತು, ಹೊಲಿಗೆ ಹಾಕಿದ ಪುಸ್ತಕಗಳು ರಟ್ಟಿಗಾಗಿ ಕಾಯುತ್ತಿದ್ದವು. ಕುದಿ ಬರುವ ಮುಂಚೆಯೇ ಹೋಗಿ ನಿಂತರೆ ಅವಳು ಬೇಳೆ ತೊಳೆಯುವ ಸದ್ದು, ಬಳೆಯಿಲ್ಲದ ಕೈ ಹಿಟ್ಟು ನಾದುವ ಸದ್ದು ಕೇಳುತ್ತಿತ್ತು. ಕೆಲಸದ ಮೇಲಿನ ನಿಷ್ಠೆ ಎಂದು ನಾನು ಅದಕ್ಕೆ ಹೆಸರಿಟ್ಟುಕೊಂಡಿದ್ದೆ.

ಊರು ಬೇರೆ ಹೆಸರಿಟ್ಟಿತ್ತು. ಒಂದು ಸಂಜೆ ಪೇಡೆ ಅಂಗಡಿಯ ಚಂಬಣ್ಣ ನಾಲ್ಕು ಜನರೆದುರು ನನ್ನನ್ನು ಕೇಳಿದ.

"ಏನ್ರಿ, ಭಾಳ ದಿನದ ಕೆಮ್ಮು ಕಾಣಸ್ತೈತಿ. ಔಷಧ ಆ ಓಣ್ಯಾಗ ಮಾತ್ರ ಸಿಗತೈತೇನು?"

ಎಲ್ಲರೂ ನಕ್ಕರು. ನಾನೂ ನಕ್ಕೆ, ಆದರೆ ಬಾಯೊಳಗಿನ ಪೇಡೆ ಮಣ್ಣಾಯಿತು. ನೀರಿಗೆ ಹೋಗುವ ಹೆಂಗಸರು ನನ್ನನ್ನು ಕಂಡು ಸೆರಗು ಬಾಯಿಗೆ ಒತ್ತಿಕೊಳ್ಳುತ್ತಿದ್ದುದು, ಪಂಕ್ತಿಯಲ್ಲಿ ನಾನು ಕೂತೊಡನೆ ಮಾತು ನಿಲ್ಲುತ್ತಿದ್ದುದು, ಎಲ್ಲ ಒಮ್ಮೆಲೇ ಅರ್ಥವಾಯಿತು. ಅತ್ತ ದರಿ, ಇತ್ತ ಪುಲಿ. ನಿಂತ ಕಾರಣ ಹೇಳಿದರೆ ಮೂಗಿಲ್ಲದವಳ ಅಡುಗೆ ಎಂದು ಖಾನಾವಳಿ ಮುಚ್ಚುತ್ತದೆ. ಹೇಳದಿದ್ದರೆ ಅವಳ ಹೆಸರು ಹೋಗುತ್ತದೆ. ಹೆಸರು ಹೋದರೂ ಖಾನಾವಳಿ ಮುಚ್ಚುತ್ತದೆ. ನಿಲ್ಲುವುದನ್ನೇ ಬಿಟ್ಟರೆ ಸಾರು ಕೆಡುತ್ತದೆ. ಯಾವ ದಾರಿ ಹಿಡಿದರೂ ಕೊನೆಗೆ ಅಡಿವೆಪ್ಪನ ಹಿತ್ತಲು.

ಮರುದಿನ ಕಿಟಕಿಯ ಕೆಳಗೆ ನಿಂತು ಊರ ಮಾತನ್ನು ಪಿಸುದನಿಯಲ್ಲಿ ಅವಳಿಗೆ ತಿಳಿಸಿದೆ. ಒಳಗೆ ಸೌಟು ಆಡುವುದು ನಿಂತಿತು. ಸಾರು ಮಾತ್ರ ಕುದಿಯುತ್ತಿತ್ತು. ಆಮೇಲೆ ಅವಳು ಕೇಳಿದ್ದು ಇಷ್ಟೇ.

"ನಾಳಿ ಬರ್ತೀರಿಲ್ಲೋ?"

ಅಣ್ಣಾರ ಎನ್ನಲಿಲ್ಲ. ನಾನು ಬರುತ್ತೇನೆ ಎಂದೆ. ದನಿ ನಡುಗಿತು, ಭಯದಿಂದಲೇ ಎಂದುಕೊಂಡೆ.

ಮಾತು ಹಳ್ಳಿಗೆ ತಲುಪಲು ಎಷ್ಟು ಹೊತ್ತು? ಸಂತೆಯ ದಿನ ನಾನು ಊಟಕ್ಕೆ ಹೋದಾಗ ಪಡಸಾಲೆಯ ನಡುಮಣೆಯ ಮೇಲೆ ರುಮಾಲು ಸುತ್ತಿದ ಅಡಿವೆಪ್ಪ ಕೂತಿದ್ದ. ಸುತ್ತಲೂ ಹುಡುಗರು ತಟ್ಟೆಯ ಮುಂದೆ ಕೈಕಟ್ಟಿ ಕೂತಿದ್ದರು. ಎಡೆ ಇನ್ನೂ ಹೊರಗೆ ಬಂದಿರಲಿಲ್ಲ. ನನ್ನನ್ನು ಕಂಡವನೇ ಅವನು ದನಿ ಏರಿಸದೆ ಕೇಳಿದ.

"ದಿನಾ ನಮ್ಮ ಮನಿ ಹಿಂದ ನಿಮಗೇನ್ ಕೆಲಸ?"

ಊರಿನ ಪ್ರತಿಯೊಂದು ಅಂಗಡಿಯ ಬಗ್ಗೆ ಅಭಿಪ್ರಾಯವಿದ್ದವನಿಗೆ ಒಂದು ಮಾತೂ ಹೊಳೆಯಲಿಲ್ಲ. ಸುಳ್ಳು ಹೇಳಲೂ ಧೈರ್ಯವಿಲ್ಲ, ನಿಜ ಹೇಳಲು ಅದು ನನ್ನ ನಿಜವಲ್ಲ. ಬಾಗಿಲಲ್ಲೇ ನಿಂತೆ. ಆ ಹೊತ್ತಿಗೆ ಗುರಸಿದ್ದವ್ವ ಎಡೆಯ ತಾಟು ಹಿಡಿದು ಹೊರಗೆ ಬಂದಳು. ಯಾರನ್ನೂ ನೋಡದೆ ದೇವರ ಗೂಡಿನ ಮುಂದೆ ಇಟ್ಟಳು, ಕೈಮುಗಿದಳು. ಎದ್ದು ತಿರುಗಿದಳು.

"ಭಾವಾರ, ಅವರನ್ನ ಕೇಳಬ್ಯಾಡ್ರಿ. ನನ್ನ ಮೂಗು ಸತ್ತೈತಿ. ಜ್ವರ ಬಂದಾಗಿಂದ ಏನೂ ವಾಸನಿ ಹತ್ತಂಗಿಲ್ಲ. ಇಷ್ಟ ದಿನ ಈ ಮಂದಿ ಉಂಡದ್ದು ನನ್ನ ಕೈ, ಅವರ ಮೂಗು."

ಕೆಮ್ಮು, ಸೌಟು ಎಲ್ಲವನ್ನೂ ಅವಳು ಎರಡೇ ಮಾತಿನಲ್ಲಿ ಹೇಳಿ ಮುಗಿಸಿದಳು. ಹುಡುಗರು ಒಬ್ಬರ ಮುಖ ಒಬ್ಬರು ನೋಡಿದರು. ಅಷ್ಟು ದಿನ ನಾವಿಬ್ಬರೂ ಜೀವ ಕೈಯಲ್ಲಿ ಹಿಡಿದು ಕಾಪಾಡಿದ್ದನ್ನು ಅವಳು ತಾನೇ ಪಡಸಾಲೆಯಲ್ಲಿ ಸುರಿದುಬಿಟ್ಟಿದ್ದಳು. ನಾನು ಹತ್ತಿರದ ಮಣೆಯ ಮೇಲೆ ಕೂತೆ.

ಅಡಿವೆಪ್ಪ ಬಡಿಸು ಎಂದು ತಾಟು ಮುಂದೆ ದೂಡಿದ. ರೊಟ್ಟಿ ಮುರಿದು ಪಲ್ಲೆಯಲ್ಲಿ ಅದ್ದಿದ, ಅನ್ನಕ್ಕೆ ಸಾರು ಕಲಸಿದ. ಅವನು ಅಗಿಯುವುದನ್ನೇ ನಾವೆಲ್ಲ ನೋಡುತ್ತಿದ್ದೆವು. ಇನ್ನೊಮ್ಮೆ ಸಾರು ಹಾಕಿಸಿಕೊಂಡು ಉಂಡು, ಕೈ ತೊಳೆದು ಬಂದು ಕೂತ.

"ಉಪ್ಪು ಸರಿ ಐತಿ," ಎಂದ. ಆಮೇಲೆ ನನ್ನ ಕಡೆ ತಿರುಗಿದ. "ಅಷ್ಟ ಏನು? ಬ್ಯಾರೆ ಏನೂ ಇಲ್ಲಲ್ಲ?"

ಗುರಸಿದ್ದವ್ವ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಅವಳು ನೆಲ ನೋಡುತ್ತಿದ್ದಳು. "ಅಷ್ಟರಿ," ಎಂದೆ ನಾನು. ಒಣರೊಟ್ಟಿಯ ಚೂರಿನಂತೆ ಆ ಮಾತು ಗಂಟಲನ್ನು ಗೀರಿಕೊಂಡು ಹೊರಗೆ ಬಂತು.

ಖಾನಾವಳಿ ಮುಚ್ಚುವ ಮಾತನ್ನು ಅವನು ಎತ್ತಲಿಲ್ಲ. ನಾಳೆಯಿಂದ ನಿನ್ನ ನೆಗೆಣ್ಣಿ ಬಂದು ಇಲ್ಲೇ ಇರುತ್ತಾಳೆ, ಒಳಗೆ ಒಲೆಯ ಹತ್ತಿರ ಕೂತು ವಾಸನೆ ನೋಡುತ್ತಾಳೆ, ಹೊರಗೆ ಯಾರೂ ನಿಲ್ಲುವುದು ಬೇಡ ಎಂದು ಹೇಳಿ ತನ್ನ ಹೆಂಡತಿಯನ್ನು ಕಳಿಸುವ ಏರ್ಪಾಡು ಮಾಡಿಹೋದ. ನ್ಯಾಯವಾದ ತೀರ್ಮಾನ. ಸುದ್ದಿ ತಿಳಿದು ಒಂದಿಬ್ಬರು ಬೇರೆ ಖಾನಾವಳಿಗೆ ಹೋದರು, ಅಲ್ಲಿಯ ಹುಳಿ ತಾಳಲಾರದೆ ಮರಳಿ ಬಂದರು. ಗುರಸಿದ್ದವ್ವ ತನ್ನ ಒಲೆಯ ಮುಂದೆಯೇ ಉಳಿದಳು. ಬೇಡಿದ್ದೆಲ್ಲ ಸಿಕ್ಕಿತ್ತು.

ಮರುದಿನ ಕಾಲು ತಾನಾಗಿ ನನ್ನನ್ನು ಓಣಿಗೆ ಒಯ್ದಿತು. ಕಿಟಕಿಯ ಬಾಗಿಲು ಮುಚ್ಚಿತ್ತು. ಒಳಗೆ ಇಬ್ಬರು ಹೆಂಗಸರ ಮಾತು ಕೇಳುತ್ತಿತ್ತು, ವಾಸನೆ ಮಾತ್ರ ಹೊರಗೆ ಬರುತ್ತಿರಲಿಲ್ಲ. ಆಗ ನನಗೆ ಅಳು ಬಂತು. ಊರು ನಮ್ಮಿಬ್ಬರ ಬಗ್ಗೆ ಹೇಳಿದ್ದು ಸುಳ್ಳು. ನನ್ನೊಬ್ಬನ ಬಗ್ಗೆ ಹೇಳಿದ್ದು ನಿಜವಾಗಿತ್ತು, ಅದು ನನಗಿಂತ ಮೊದಲು ಪೇಡೆ ಅಂಗಡಿಯವನಿಗೆ ತಿಳಿದಿತ್ತು.

ಊಟಕ್ಕೆ ಅಲ್ಲಿಗೇ ಹೋಗುತ್ತಿದ್ದೆ. ಬೇರೆ ಎಲ್ಲಿಗೆ ಹೋಗಲಿ? ಅವಳು ಬಡಿಸುತ್ತಿದ್ದಳು, ಬೇಕೇ, ಸಾಕೇ ಎಂದು ಕೇಳುತ್ತಿದ್ದಳು. ಅಣ್ಣಾರ ಎಂದು ಮತ್ತೆಂದೂ ಕರೆಯಲಿಲ್ಲ. ಬೇರೆ ಹೆಸರಿನಿಂದಲೂ ಕರೆಯಲಿಲ್ಲ. ಅವಳ ಮೂಗು ಮರಳಿತೋ ಇಲ್ಲವೋ ನಾನು ಕೇಳಲಿಲ್ಲ. ಟ್ರಂಕು ಹೊತ್ತ ಹೊಸಬರು ಬರುತ್ತಲೇ ಇದ್ದರು, ಇಡ್ಲಿ ಮುಟ್ಟಬೇಡಿ ಎಂದು ನಾನು ಹೇಳುತ್ತಲೇ ಇದ್ದೆ.

ವರ್ಷಗಳು ಕಳೆದ ಮೇಲೆ ಒಂದು ಚಳಿಗಾಲದ ಬೆಳಿಗ್ಗೆ ನೇಕಾರರ ಓಣಿಗೆ ಹೊರಟವನು ಅಡ್ಡದಾರಿಯೆಂದು ಆ ಹಿತ್ತಲ ಓಣಿ ಹೊಕ್ಕೆ. ಎಲ್ಲೋ ಮೆಣಸಿನಕಾಯಿ ಹುರಿಯುತ್ತಿದ್ದರು. ಮುಚ್ಚಿದ ಕಿಟಕಿಯ ಕೆಳಗೆ ಬಂದಾಗ ಘಾಟು ಗಂಟಲಿಗೆ ಹತ್ತಿ ಕೆಮ್ಮು ಬಂತು. ಒಂದೇ ಕೆಮ್ಮು. ಮುಂದೆ ಹೆಜ್ಜೆ ಇಡುವಷ್ಟರಲ್ಲಿ ಒಳಗೆ ಸೌಟು ಪಾತ್ರೆಯ ಕಂಠಕ್ಕೆ ಬಡಿಯಿತು.

ಅಂದು ಮಧ್ಯಾಹ್ನ ಸಾರಿಗೆ ಉಪ್ಪು ಹೆಚ್ಚಾಗಿತ್ತು. ಪಂಕ್ತಿಯುದ್ದಕ್ಕೂ ನೀರಿನ ಲೋಟಗಳು ಎದ್ದವು. ಪಕ್ಕದಲ್ಲಿ ಕೂತವರು ನನ್ನ ಅಭಿಪ್ರಾಯಕ್ಕಾಗಿ ಮುಖ ನೋಡಿದರು. ಉಪ್ಪು ಸರಿಯಾಗಿದೆ ಎಂದು ಹೇಳಿ, ನಾನು ಇನ್ನೊಂದು ಸೌಟು ಹಾಕಿಸಿಕೊಂಡೆ.